ಸುಳ್ಳದ ಮೀನು

"ಬಾಲ ಒಳಗ ಎಳಕೋ ಮೀನವ್ವಾ, ಬಾಗಲಾ ಹಾಕಾಕ ಬರವಲ್ದು," ಅಂದರು ಕಂಡಕ್ಟರ್.

ಉಮಾಶ್ರೀ ಬಾಲವನ್ನು ಎರಡೂ ಕೈಯಿಂದ ಎಳೆದುಕೊಂಡಳು. ರಟ್ಟಿನ ಮೈ, ಮೈತುಂಬ ಬೆಳ್ಳಿ ಕಾಗದ, ಹೊಟ್ಟೆಯ ಮೇಲೆ ದಪ್ಪಕ್ಷರ: 'ಸಾಲ್ಮನ್. ಉಮಾಶ್ರೀ ಸುಳ್ಳದ, ಐದನೇ ತರಗತಿ.' ಅಮರಗೋಳದ ಸಿಟಿ ಬಸ್ಸಿಗೆ ಮೀನೊಂದು ಹತ್ತಿದ್ದು ಅದೇ ಮೊದಲು.

"ಹೆಣ್ಣು ಮೀನೋ, ಗಂಡು ಮೀನೋ? ಹೆಣ್ಣಾದ್ರ ಫ್ರೀ."

"ಹೆಣ್ಣರೀ," ಅಂದಳು ಅಜ್ಜಿ ರತ್ನವ್ವ. ಹುಟ್ಟಿದಾಗಿನಿಂದ ಮೀನು ಮುಟ್ಟದ ಅಜ್ಜಿ ಈಗ ಮೀನಿನ ಕೈ ಹಿಡಿದು ನಿಂತಿದ್ದಳು.

"ಆಕಿ ಅಡ್ಡಹೆಸರ ಸುಳ್ಳದ ಐತ್ರಿ," ಹಿಂದಿನ ಸೀಟಿನಿಂದ ಕ್ಲಾಸಿನ ಹನುಮೇಶ ಕೂಗಿದ. "ಆಕಿ ಹೇಳೂದೆಲ್ಲಾ ಸುಳ್ಳ."

ಸುಳ್ಳ ಅಂದರೆ ಒಂದು ಊರು ಅಂತ ಅವನಿಗೆ ಎಷ್ಟು ಸಲ ಹೇಳಿದ್ದಳೋ. ಇವತ್ತು ಸೈನ್ಸ್ ಎಕ್ಸಿಬಿಶನ್‌ನಲ್ಲಿ ಒಂದು ಮಾತು ತಪ್ಪಿದರೂ ಸಾಕು, 'ಸುಳ್ಳಿ' ಅನ್ನುವ ಹೆಸರು ಹತ್ತನೇ ಕ್ಲಾಸಿನ ತನಕ ಅಂಟಿಕೊಳ್ಳುತ್ತದೆ. ಅದಕ್ಕೇ ಬಸ್ಸಿನಲ್ಲೂ ಬಾಯಿಪಾಠ ನಡೆದಿತ್ತು.

"ಡೈನೋಸಾರ್ ಕಾಲದಾಗ ನಮ್ಮ ಮುತ್ತಜ್ಜನ ಜೀನ್ಸ್ ಎಲ್ಲಾ ಡಬಲ್ ಆದ್ವು..."

"ಪ್ಯಾಂಟೇನ?" ಅಂದಳು ಅಜ್ಜಿ.

"ಪ್ಯಾಂಟಲ್ಲಜ್ಜಿ. ಕಣ್ಣು ಹೆಂಗಿರಬೇಕು, ಬಾಲ ಹೆಂಗಿರಬೇಕು ಅಂತ ಮೈಯೊಳಗ ಬರದಿರ್ತೈತಲ್ಲ, ಅದು."

"ಡಬಲ್ ಇದ್ರ ಎರಡು ಟಿಕೆಟ್ ಆಕ್ಕಾವು," ಅನ್ನುತ್ತ ಕಂಡಕ್ಟರ್ ಮೀನಿಗೆ ಎರಡು ಫ್ರೀ ಟಿಕೆಟ್ ಹರಿದುಕೊಟ್ಟರು. ಆಮೇಲೆ ಹೆಣ್ಣು ನೋಡಲು ಬಂದವರ ಹಾಗೆ ಶುರು ಮಾಡಿದರು. "ಅಣ್ತಮ್ಮರು?"

"ಟ್ರೌಟ್ ಮೀನು ರೀ. ಕಾಕಾನ ಮಕ್ಕಳು ಪೈಕ್ ಅಂತ, ಅವೂ ಮೀನ."

"ಮೂಲ ಎಲ್ಲಿಯವ್ರು? ಹೊಳಿಯವ್ರೋ, ಸಮುದ್ರದವ್ರೋ?"

ಅವಳು ಹೆದರಿದ್ದೇ ಈ ಪ್ರಶ್ನೆಗೆ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ಹೊಳೆಗೆ ಬರುತ್ತದೆ. ಆದರೆ ಅದರ ಹಿರಿಯರು ಮೊದಮೊದಲು ಎಲ್ಲಿದ್ದರು? ಒಂದು ಪುಸ್ತಕದಲ್ಲಿ ಹೊಳೆ ಅಂತಿತ್ತು, ಇನ್ನೊಂದರಲ್ಲಿ ಸಮುದ್ರ. 'ಸಮುದ್ರ' ಅಂತ ಜೋರಾಗಿ ಹೇಳಿಬಿಡೋಣ ಅಂತ ನಿನ್ನೆಯೇ ಗಟ್ಟಿ ಮಾಡಿಕೊಂಡಿದ್ದಳು.

"ಹೇಳ, ಸುಳ್ಳದ," ಅಂದ ಹನುಮೇಶ.

ಉಮಾಶ್ರೀ ಬಾಯಿಗೆ ಬಂದ ಸಮುದ್ರವನ್ನು ನುಂಗಿದಳು. "ಹೊಳ್ಯಾಗ ಹುಟ್ಟಿ, ಸಮುದ್ರದಾಗ ಬೆಳದು, ಮೊಟ್ಟಿ ಇಡಾಕ ಮತ್ತ ಹೊಳಿಗೆ ಬರ್ತೈತ್ರಿ. ಮೂಲ ಎಲ್ಲೀದಂತ ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ರಿ."

ಯಾರೂ ನಗಲಿಲ್ಲ.

"ಹಡ್ಯಾಕ ಯಾರರ ಗಂಡನ ಮನಿಗೆ ಹೋಗ್ತಾರೇನ? ತವರಿಗೆ ಹೋಗ್ತಾರ," ಅಂದಳು ಕೊತ್ತಂಬರಿ ಬುಟ್ಟಿಯ ಮುದುಕಿ. "ಹೊಳೀನ ಖರೇ."

"ಹಂಗಾದ್ರ ಅಷ್ಟು ಉಪ್ಪು ಹೆಂಗ ತಡಕೊಂತೈತಿ? ಸಮುದ್ರಾನ," ಅಂದರು ಡ್ರೈವರ್. ಸಿಗ್ನಲ್ ಬಿಟ್ಟಿದ್ದನ್ನೂ ಅವರು ನೋಡಲಿಲ್ಲ.

ನೋಡನೋಡುತ್ತ ಎಡಗಡೆಯ ಸೀಟಿನವರೆಲ್ಲ ಹೊಳೆಯ ಪಾರ್ಟಿ, ಬಲಗಡೆಯವರೆಲ್ಲ ಸಮುದ್ರದ ಪಾರ್ಟಿ ಆದರು. ಅಜ್ಜಿ ಬಲಗಡೆ ಸಿಕ್ಕ ಸೀಟು ಬಿಟ್ಟು ಎಡಕ್ಕೆ ಹೋಗಿ ನಿಂತಳು.

ಶಾಲೆಯ ಸ್ಟಾಪ್ ಬಂದಾಗ ಮೀನೇ ಅಜ್ಜಿಯನ್ನು ಎಳೆದು ಇಳಿಸಬೇಕಾಯಿತು. ಹನುಮೇಶ ಇಳಿಯಲೇ ಇಲ್ಲ. ಸೀಟಿನ ಮೇಲೆ ಮೊಣಕಾಲೂರಿ ಡ್ರೈವರ್ ಜೊತೆ ವಾದಕ್ಕೆ ಬಿದ್ದಿದ್ದ. ಬಸ್ಸು ಅವನನ್ನೂ ಹೊತ್ತುಕೊಂಡು ಹೋಯಿತು.

"ಸಾಲ್ಯಾಗೂ ಇದನ್ನ ಕೇಳಿದ್ರ?" ಅಂದಳು ಅಜ್ಜಿ.

ತಿರುವಿನಾಚೆಯಿಂದ ಇನ್ನೂ ಜಗಳ ಕೇಳುತ್ತಿತ್ತು. ಉಮಾಶ್ರೀ ಗೇಟಿನ ಕಡೆ ಬಿರಬಿರನೆ ನಡೆದಳು. ಯಾರಾದರೂ ಬೇಗ ಕೇಳಲಿ ಅನ್ನಿಸುತ್ತಿತ್ತು.