ಹಳದಿ ಬಾಲದ ನೀಲಿ ಮೀನು

ಗೋಳಗುಮ್ಮಟದ ಹತ್ತಿರ ಶಿವಲಿಂಗನದು ಬಣ್ಣದ ಮೀನುಗಳ ಅಂಗಡಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪೂರ್ವಾ ಲ್ಯಾಬಿಗೆ ಮೀನು ಕೊಳ್ಳಲು ಬಂದವಳು ಉಪ್ಪುನೀರಿನ ಟ್ಯಾಂಕಿನ ಮುಂದೆ ನಿಂತುಬಿಟ್ಟಳು. ಕಿರುಬೆರಳಿನಷ್ಟು ಮೀನು. ಮೈಯೆಲ್ಲ ಕಡು ನೀಲಿ, ಬಾಲ ಮಾತ್ರ ಅರಿಶಿನ ಹಳದಿ. ಕಣ್ಣಿಗೆ ಕಾಡಿಗೆ ಎಳೆದಂಥ ಕಪ್ಪು ಗೆರೆ. ಸಮುದ್ರದಂಚಿನ ಬಂಡೆಗಳ ಸಂದಿಯಲ್ಲಿ ಬದುಕುವ ಜಾತಿ. ಜೊತೆಗಿದ್ದ ಮೀನಿನ ರೆಕ್ಕೆಯನ್ನು ಅದು ಕಚ್ಚಿ ಹರಿಯುತ್ತಿತ್ತು.

“ಇದಕ್ಕ ಜೋಡಿ ಹಾಕಾಕ ಬರೂದಿಲ್ರಿ,” ಎಂದ ಶಿವಲಿಂಗ. “ಕಚ್ಚಿ ಕೊಂದ ಬಿಡತೈತಿ.”

“ಹಂಗಾರ ಮಾಲಕರೂ ಒಬ್ಬಂಟಿ ಏನ್ರಿ?”

ಅವನ ಕೈಯಲ್ಲಿದ್ದ ಮಗ್ಗಿನ ನೀರೆಲ್ಲ ಅವಳ ಚಪ್ಪಲಿಯ ಮೇಲೆ ಸುರಿಯಿತು.

ಆಮೇಲೆ ಅವಳು ಪ್ರತಿ ಶನಿವಾರ ಬಂದಳು. ಗಾಜಿನ ಆ ಬದಿಯಿಂದ ಅವನು, ಈ ಬದಿಯಿಂದ ಇವಳು. ಕಣ್ಣು ಕೂಡಿದರೆ ಇಬ್ಬರೂ ಮೀನನ್ನೇ ನೋಡುತ್ತಿದ್ದವರಂತೆ ಇರುತ್ತಿದ್ದರು. ತಾನು ಮಮದಾಪುರದ ಕುರಿಗಾರನ ಮಗ ಎಂದು ಅವನು ಮುಚ್ಚಿಡಲಿಲ್ಲ. ಕುರಿಗಾರನ ಮಗನಿಗೆ ತಂಗಿ ಮನಸೋತಿದ್ದಾಳೆ ಎಂಬ ಸುದ್ದಿ ಅವಳ ಅಣ್ಣ ಅಮೋಲನಿಗೂ ಮುಟ್ಟಿತು.

ಒಂದು ಮಧ್ಯಾಹ್ನ ಅಮೋಲ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು, ಕಬ್ಬಿಣದ ರಾಡು ಹಿಡಿದು ಬಂದ. ಮೊದಲ ಏಟಿಗೆ ಉಪ್ಪುನೀರಿನ ಟ್ಯಾಂಕು ಒಡೆಯಿತು. ಎರಡನೆಯದು ಶಿವಲಿಂಗನ ಭುಜಕ್ಕೆ. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಗಾಜಿನ ಚೂರುಗಳ ಮೇಲೆ ಬಿದ್ದವನ ಪಕ್ಕೆಗೆ ಒದ್ದರು, ಮುಖಕ್ಕೆ ಒದ್ದರು. ಗಾಯಗಳಿಗೆ ಉಪ್ಪುನೀರು ಇಳಿದು ಮೈಯೆಲ್ಲ ಉರಿಯಿತು. ಸುತ್ತ ಮೀನುಗಳು ರಕ್ತದಲ್ಲಿ ವಿಲವಿಲ ಒದ್ದಾಡಿದವು.

ಪಕ್ಕದ ಬಳೆ ಅಂಗಡಿಯ ರಾಜಬಿ ಫೋನ್ ಮಾಡಿದ್ದರಿಂದ ಪೂರ್ವಾ ಓಡಿ ಬಂದಳು. ಶಿವಲಿಂಗನ ತಲೆಗೆ ಗುರಿಯಿಟ್ಟು ಎತ್ತಿದ್ದ ರಾಡಿಗೆ ಬಲಗೈ ಅಡ್ಡ ಹಿಡಿದಳು. ಕೈ ಮುರಿದು ಜೋತುಬಿತ್ತು. ತಂಗಿಯ ಕೈ ನೋಡಿ ಅಮೋಲ ರಾಡು ಬಿಸಾಕಿ ಓಡಿದ; ಜೊತೆಗೆ ಬಂದವರೂ ಓಡಿದರು.

ನೀಲಿ ಮೀನು ಅವಳ ಕಾಲ ಬಳಿ ಬಿದ್ದಿತ್ತು. ಎಡಗೈಯಿಂದ ಎತ್ತುವಷ್ಟರಲ್ಲಿ ನೀಲಿ ಮಾಸಿ ಕಪ್ಪಾಗಿತ್ತು. ಬಕೆಟ್ಟಿನ ನೀರಿಗೆ ಬಿಟ್ಟರೂ ಅದು ಅಲುಗಲಿಲ್ಲ.

ಆಸ್ಪತ್ರೆಗೆ ಪೊಲೀಸರು ಬಂದರು. ಎಷ್ಟಾದರೂ ಒಡಹುಟ್ಟಿದವನು, ದೂರು ಬೇಡ ಎಂದು ಶಿವಲಿಂಗನೇ ಬೇಡಿಕೊಂಡ. ಅವಳು ಕೇಳಲಿಲ್ಲ. ಬಲಗೈ ಪ್ಲಾಸ್ಟರಿನಲ್ಲಿತ್ತು. ಎಂ.ಎಸ್ಸಿ. ಓದಿದವಳು ಅಣ್ಣನ ಹೆಸರಿದ್ದ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದಳು.

“ಇನ್ನ ಮನಿಗೆ ಹೆಂಗ ಹೋಗ್ತೀರಿ ಮೇಡಂ?” ಪೊಲೀಸರು ಹೋದ ಮೇಲೆ ಅವನು ಕೇಳಿದ.

“ಹೋಗೂದಿಲ್ಲ. ನಿಮ್ಮವ್ವಗ ನನ್ನ ಯಾರಂತ ಹೇಳ್ತೀ, ಅದನ್ನ ಯೋಚನಿ ಮಾಡು.”

“ಯಾರಂತ ಹೇಳ್ಲಿರಿ?”

“ಮೊದಲ ಹೆಸರ ಹಿಡದ ಕರಿ.”

ಅವನ ತುಟಿ ಸೀಳಿ ಬಾತಿತ್ತು.

“ಪೂರ್ವಾ,” ಎಂದ. ತುಟಿಯಿಂದ ಮತ್ತೆ ರಕ್ತ ಜಿನುಗಿತು. ಅವಳು ದುಪಟ್ಟಾದ ಸೆರಗಿನಿಂದ ಅದನ್ನು ಒತ್ತಿ ಹಿಡಿದು, ಇನ್ನೊಮ್ಮೆ ಕರೆಯಲು ಹೇಳಿದಳು.