ಬಾಗಿಲಲ್ಲಿ ನಿಂತಿದ್ದ ಕಾರು

2025ರ ಆಗಸ್ಟ್ 17, ಭಾನುವಾರ. ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಬಾಲರಾಜು ಎಂಬ ಮೂವತ್ತೊಂದು ವರ್ಷದವನು ಚನ್ನಪಟ್ಟಣದ ಠಾಣೆಗೆ ದೂರು ಹಿಡಿದು ಬಂದ. ದೊಡ್ಡಮಳೂರಿನ ದೇವಸ್ಥಾನದ ಹೊರಗೆ ನಿಲ್ಲಿಸಿದ್ದ ಅವನ ಕಾರು ಕಳುವಾಗಿತ್ತು. ಬಿಳಿ ಬಣ್ಣದ ಡೀಸೆಲ್ ಗಾಡಿ, ಏಳು ಸೀಟಿನದು, ಎರಡೂವರೆ ವರ್ಷ ಹಳೆಯದು. ಅವತ್ತು ದೇವಸ್ಥಾನದಲ್ಲಿ ಕನಕಪುರದ ಕಡೆಯವರು ಅವನಿಗೆ ಹೆಣ್ಣು ತೋರಿಸುವುದಿತ್ತು. ಹತ್ತೂಕಾಲಿಗೆ ಒಳಗೆ ಹೋದವರು ಹನ್ನೆರಡಕ್ಕೆ ಹೊರಗೆ ಬಂದಾಗ ಕಾರು ಇರಲಿಲ್ಲ. ಹೆಣ್ಣಿನ ಕಡೆಯವರು ತಮ್ಮ ಗಾಡಿಯಲ್ಲೇ ಅವನನ್ನೂ ಅವನ ತಾಯಿಯನ್ನೂ ಠಾಣೆಯ ಹತ್ತಿರ ಇಳಿಸಿ ಹೋಗಿದ್ದರು. ಕಾರು ಹೋದದ್ದಕ್ಕಿಂತ ಆ ಅವಮಾನವೇ ಅವನ ಮುಖದಲ್ಲಿ ಹೆಚ್ಚು ಕಾಣುತ್ತಿತ್ತು.

ಇನ್ಸ್‌ಪೆಕ್ಟರ್ ರಾಮಲಿಂಗಯ್ಯ ದೂರನ್ನು ಎರಡು ಸಲ ಓದಿದ. ಐವತ್ತೆರಡು ವರ್ಷದ, ಅವಸರವಿಲ್ಲದ ಮನುಷ್ಯ. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಗುವಷ್ಟರಲ್ಲಿ ಒಂದೂ ಮುಕ್ಕಾಲು. ಪ್ರತಿಗೆ ಸಹಿ ಹಾಕಿದ ಮೇಲೆ ಬಾಲರಾಜು ಕೇಳಿದ:

"ಸಾರ್, ಗಾಡಿ ಸಿಕ್ಕಿಲ್ಲ ಅಂತ ಠಾಣೆಯಿಂದ ರಿಪೋರ್ಟ್ ಕೊಡ್ತೀರಲ್ಲ, ಅದು ಎಷ್ಟು ದಿನಕ್ಕೆ ಸಿಕ್ತದೆ? ಇನ್ಶೂರೆನ್ಸ್‌ನವರು ಕೇಳ್ತಾರೆ."

"ಹುಡುಕೋಕೆ ಒಸಿ ಟೈಮ್ ಕೊಡಿ," ಎಂದ ರಾಮಲಿಂಗಯ್ಯ.

ಮೂರು ಗಂಟೆಗೆ ಹೆಡ್ ಕಾನ್‌ಸ್ಟೆಬಲ್ ಇಸ್ರಾರ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ, ಇಬ್ಬರು ಪಂಚರ ಎದುರು ಮಹಜರು ಬರೆಸಿದ. ನೆಲದಲ್ಲಿ ಒಡೆದ ಗಾಜಿನ ಚೂರಿಲ್ಲ. ಗಾಡಿಯನ್ನು ಎಳೆದೊಯ್ದ ಗುರುತಿಲ್ಲ. ಬಾಲರಾಜು ಒಂದು ಕೀ ತೋರಿಸಿದ. ಎರಡನೆಯದು ಎಲ್ಲಿ ಎಂದು ರಾಮಲಿಂಗಯ್ಯ ಕೇಳಿದ.

"ಮನೆಯವಳ ಹತ್ರ ಇತ್ತು. ಎಲ್ಲೋ ಹೋಗೈತೆ."

"ಮನೆಯವರು ಎಲ್ಲಿ?"

"ತೀರ್ಕೊಂಡ್ಳು ಸಾರ್. ಹೋದ ನವೆಂಬರ್‌ನಲ್ಲಿ. ಹೆರಿಗೆ ಟೈಮಲ್ಲಿ."

ಎದುರಿಗಿದ್ದ ಹಣ್ಣುಕಾಯಿ ಅಂಗಡಿಯ ಕ್ಯಾಮೆರಾದಲ್ಲಿ ಕಳವು ಸ್ಪಷ್ಟವಾಗಿ ದಾಖಲಾಗಿತ್ತು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಬಿಳಿ ಶರ್ಟಿನ, ಮಾಸ್ಕ್ ಹಾಕಿದ ಒಬ್ಬ ಬಸ್ಸಿಳಿದು ನೇರ ಕಾರಿನ ಹತ್ತಿರ ಬಂದ. ಅತ್ತಿತ್ತ ನೋಡಲಿಲ್ಲ. ಕೀ ಹಾಕಿ ಬಾಗಿಲು ತೆಗೆದು ಕೂತ. ಕಾರು ಎರಡು ಸಲ ಜಗ್ಗಿ ಆಫ್ ಆಯಿತು. ಮೂರನೆಯ ಸಲ ಹೊರಟಿತು.

"ಕಳ್ಳ ಅಲ್ಲ ಸರ್ ಇವ್ನು," ಎಂದ ಇಸ್ರಾರ್. "ಗಾಡಿ ಕಲೀತಾ ಇರೋನು."

ಕದ್ದವನು ಸಾಮಾನ್ಯವಾಗಿ ಹೆದ್ದಾರಿ ಹಿಡಿದು ಬೆಂಗಳೂರಿಗೋ ಮೈಸೂರಿಗೋ ಓಡುತ್ತಾನೆ. ಈ ಗಾಡಿ ಹೋದದ್ದು ಬಾಲರಾಜುವಿನ ಊರಿಗೇ. ನಾಲ್ಕು ಕಿಲೋಮೀಟರ್ ಒಳಗಿರುವ ಆ ಹಳ್ಳಿಯ ಹಾಲಿನ ಡೇರಿಯ ಕ್ಯಾಮೆರಾದಲ್ಲಿ ಹತ್ತು ಐವತ್ತೈದಕ್ಕೆ ಕಾರು ಒಳಗೆ ಹೋಗಿ, ಹತ್ತು ಐವತ್ತೆಂಟಕ್ಕೆ ಹೊರಗೆ ಬಂದದ್ದು ಕಂಡಿತು. ಆಮೇಲೆ ಅದು ಕಾಣಿಸಿದ್ದು ರಾಮನಗರದಲ್ಲಿ, ಆಸ್ಪತ್ರೆಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ, ಹನ್ನೊಂದು ಗಂಟೆ ನಲವತ್ತಕ್ಕೆ. ಚಾಲಕ ಇಳಿದು ಐನೂರು ರೂಪಾಯಿಯ ಡೀಸೆಲ್ ಹಾಕಿಸಿದ. ಜೇಬಿನಿಂದ ತೆಗೆದ ನೋಟುಗಳು ಉದ್ದಕ್ಕೆ ಮಡಚಿದ್ದವು. ಅವುಗಳನ್ನು ಎಡಗೈ ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು ಒಂದನ್ನು ಎಳೆದು ಕೊಟ್ಟ.

ಆ ಭಾಗವನ್ನು ಇಸ್ರಾರ್ ನಾಲ್ಕು ಸಲ ಹಿಂದಕ್ಕೆ ತಿರುಗಿಸಿದ. ನೋಟು ಹಾಗೆ ಹಿಡಿಯುವವರು ಬಸ್ಸಿನ ಕಂಡಕ್ಟರುಗಳು ಮಾತ್ರ ಎಂದು ಅವನಿಗೆ ಅನುಮಾನವೇ ಇರಲಿಲ್ಲ. ಕಂಡಕ್ಟರಾಗಿದ್ದ ಅವನ ದೊಡ್ಡಪ್ಪ ಸಾಯುವತನಕ ಮನೆಯಲ್ಲೂ ಹಾಗೇ ಹಿಡಿಯುತ್ತಿದ್ದರಂತೆ.

ಸೋಮವಾರ ಬೆಳಿಗ್ಗೆ ಬಾಲರಾಜು ಗಾಡಿಯ ಕಾಗದಗಳನ್ನು ತಂದುಕೊಟ್ಟ. ಆರ್‌ಸಿ ಅವನ ಹೆಸರಲ್ಲಿತ್ತು. ಫೆಬ್ರವರಿಯಲ್ಲಿ ನವೀಕರಿಸಿದ ಇನ್ಶೂರೆನ್ಸ್ ಪಾಲಿಸಿಯಲ್ಲಿದ್ದ ಮೊಬೈಲ್ ನಂಬರ್ ಮಾತ್ರ ಅವನದಾಗಿರಲಿಲ್ಲ. ಯಾರದು ಎಂದಾಗ, ಮಾವನದು ಎಂದ. ಮಾಗಡಿ ತಾಲ್ಲೂಕಿನ ಮುನಿಶಾಮಯ್ಯ. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು.

ಇಸ್ರಾರ್ ತಲೆಯೆತ್ತಿ ಸಾಹೇಬರ ಮುಖ ನೋಡಿದ. ರಾಮಲಿಂಗಯ್ಯ ಕಾಗದದಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಮನೆಯವರು ತೀರಿಕೊಂಡು ಮೂರು ತಿಂಗಳಾದ ಮೇಲೂ ಇನ್ಶೂರೆನ್ಸ್ ಕಟ್ಟಿದ್ದು ನಿಮ್ಮ ಮಾವನೇನಾ?"

"ಮೊದಲಿಂದ ಅವರೇ ನೋಡ್ಕೋತಿದ್ರು ಸಾರ್. ಕಾರು ಕೊಡ್ಸಿದ್ದು ಅವರೇ ಅಲ್ವಾ?"

ಕೇಳುತ್ತಾ ಹೋದಂತೆ ಉಳಿದದ್ದೂ ಹೊರಗೆ ಬಂತು. ಮದುವೆಗೆ ಕಾರು ಕೊಟ್ಟದ್ದು ಮಾವ, ನಿವೃತ್ತಿಯ ಹಣದಲ್ಲಿ. ಸರ್ವೀಸ್ ಆದಾಗಲೆಲ್ಲ ಬಾಲರಾಜು ಬಿಲ್ಲಿನ ಫೋಟೋ ತೆಗೆದು ಮಾವನಿಗೆ ವಾಟ್ಸಾಪ್ ಮಾಡುತ್ತಿದ್ದ. ಒಂದು ಸಲ ಟೈರು, ಒಂದು ಸಲ ಬ್ಯಾಟರಿ. ಇಂಥ ಗಾಡಿ ಇಟ್ಟುಕೊಳ್ಳುವುದು ಸುಲಭವಲ್ಲ ಎಂದು ಅವನೇ ಇನ್ಸ್‌ಪೆಕ್ಟರಿಗೆ ವಿವರಿಸಿದ. ತಿಂಗಳಿಗೆ ಡೀಸೆಲ್ಲೇ ಇಷ್ಟಾಗುತ್ತದೆ, ವರ್ಷಕ್ಕೆ ಇಷ್ಟು ಇಷ್ಟು ಎಂದು ಬೆರಳು ಮಡಚಿದ. ಹಾಗೆ ಹೇಳುವಾಗ ಅವನ ಮಾತಿನಲ್ಲಿ ಅಳುಕು ಇರಲಿಲ್ಲ.

ಇಸ್ರಾರ್ ಮಾಗಡಿಗೆ ಹೋದ. ಪೇಟೆಯಲ್ಲಿದ್ದ ಎರಡನೆಯ ಡ್ರೈವಿಂಗ್ ಸ್ಕೂಲಿನಲ್ಲೇ ವಿಷಯ ಸಿಕ್ಕಿತು. ಅದನ್ನು ನಡೆಸುತ್ತಿದ್ದ ಅಶೋಕ್ ಮುನಿಶಾಮಯ್ಯನ ಫೋಟೋ ನೋಡಿದ ಕೂಡಲೇ ಗುರುತು ಹಿಡಿದ. ಜೂನ್ ತಿಂಗಳಲ್ಲಿ ಬಂದಿದ್ದರು, ವಯಸ್ಸು ಅರವತ್ತಮೂರು ಅಂದಿದ್ದರು. ಮೂವತ್ತು ವರ್ಷ ಬಸ್ಸಿನಲ್ಲಿ ಓಡಾಡಿದವರಿಗೆ ದಾರಿಯೆಲ್ಲ ಗೊತ್ತಿತ್ತು, ಕ್ಲಚ್ ಮಾತ್ರ ಕಾಲಿಗೆ ಹತ್ತಲಿಲ್ಲ. ಲೈಸೆನ್ಸ್ ಬೇಡ, ಒಬ್ಬನೇ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವಷ್ಟು ಕಲಿಸಿ ಸಾಕು ಎಂದಿದ್ದರಂತೆ. ಯಾಕೆ ಎಂದು ಅಶೋಕ್ ಕೇಳಿರಲಿಲ್ಲ.

ಆಗಸ್ಟ್ 19, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಜೀಪು ಸಾವನದುರ್ಗದ ಬುಡದಲ್ಲಿರುವ ಆ ಹಳ್ಳಿಗೆ ಹೋಯಿತು. ಮುನಿಶಾಮಯ್ಯ ಜಗಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದ. ಖಾಕಿ ಕಂಡು ಎದ್ದು ನಿಂತ, ಪಂಚೆ ಸರಿಮಾಡಿಕೊಂಡ.

"ಬನ್ನಿ ಸಾ. ಭಾನುವಾರವೇ ಬತ್ತೀರಿ ಅಂದ್ಕಂಡಿದ್ದೆ."

"ಗಾಡಿ ಎಲ್ಲೈತೆ?"

"ಹಿಂದ್ಗಡೆ."

ಮನೆಯ ಹಿಂದೆ ಖಾಲಿ ಬಿದ್ದಿದ್ದ ರೇಷ್ಮೆ ಹುಳುಮನೆಯಲ್ಲಿ ಕಾರು ನಿಂತಿತ್ತು. ತೊಳೆದು ಒರೆಸಿದ್ದರು. ಒಂದು ಗೀರಿರಲಿಲ್ಲ. ಪಕ್ಕದ ಮನೆಯ ತಿಮ್ಮಯ್ಯನನ್ನೂ ಇನ್ನೊಬ್ಬನನ್ನೂ ಪಂಚರಾಗಿ ಕರೆಸಿ, ರಾಮಲಿಂಗಯ್ಯ ಹೇಳುತ್ತಾ ಹೋದ, ಇಸ್ರಾರ್ ಬರೆಯುತ್ತಾ ಹೋದ. ಚಾಸಿ ನಂಬರ್, ಎಂಜಿನ್ ನಂಬರ್, ಓಡಿದ ಕಿಲೋಮೀಟರ್. ಹಿಂದಿನ ಬಾಗಿಲು ತೆಗೆದಾಗ ಇಸ್ರಾರ್ ಬರೆಯುವುದನ್ನು ನಿಲ್ಲಿಸಿದ. ಮುಂದಿನ ಎರಡು ಸೀಟುಗಳಿಗೆ ಶೋರೂಮಿನಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಹಿಂದಿನ ಸೀಟಿನದನ್ನು ಮಾತ್ರ ಯಾರೋ ಬ್ಲೇಡಿನಿಂದ ಕೊಯ್ದು, ಮಡಚಿ, ಗೋಡೆಯ ಬದಿಗೆ ಇಟ್ಟಿದ್ದರು. ಸೀಟಿಗೆ ಏನೂ ಆಗಿರಲಿಲ್ಲ.

"ಇದನ್ನ ಕೊಯ್ದಿದ್ದು ನೀವೇನಾ?"

"ನಾನೇ ಸಾ."

"ಯಾಕೆ?"

ಬರೆಯುವುದು ಮುಗಿಯಲಿ ಎಂದ ಮುನಿಶಾಮಯ್ಯ. ಪಂಚನಾಮೆ ಮುಗಿದ ಮೇಲೆ ಜಗಲಿಯಲ್ಲಿ ಕೂತು ತಾನಾಗಿಯೇ ಹೇಳಿದ. ಅವನ ಹೆಂಡತಿ ಹೋಗಿ ಹದಿನಾಲ್ಕು ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಭಾನುಪ್ರಿಯ. ನವೆಂಬರ್ ಒಂಬತ್ತರಂದು ಬೆಳಿಗ್ಗೆ ಅವಳಿಗೆ ನೋವು ಬಂದಿದೆ ಎಂದು ಅಳಿಯ ಫೋನು ಮಾಡಿದ್ದ. ಮಾಗಡಿಯಿಂದ ಬಸ್ಸು ಹಿಡಿದು ರಾಮನಗರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗಳೂ ಇರಲಿಲ್ಲ, ಮಗುವೂ ಉಳಿದಿರಲಿಲ್ಲ. ತುಂಬಾ ರಕ್ತ ಹೋಗಿತ್ತು, ಅರ್ಧ ಗಂಟೆ ಮುಂಚೆ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದ್ದರು. ಹಣೆಬರಹ ಅಂದುಕೊಂಡು ವಾಪಸು ಬಂದಿದ್ದ. ಹದಿಮೂರು ದಿನ ಕಳೆದ ಮೇಲೆ ಅಳಿಯನ ಮನೆಯವರು ಅವಳ ಬಟ್ಟೆಯ ಟ್ರಂಕನ್ನು ಕಳಿಸಿಕೊಟ್ಟರು. ಸೀರೆಗಳ ಕೆಳಗೆ ಕಾರಿನ ಎರಡನೆಯ ಕೀ ಇತ್ತು.

ಫೆಬ್ರವರಿಯಲ್ಲಿ ಇನ್ಶೂರೆನ್ಸ್ ಕಟ್ಟಬೇಕೆಂದು ಅವನ ಫೋನಿಗೆ ಮೆಸೇಜ್ ಬಂತು. ಕಟ್ಟಿಬಿಟ್ಟ. ಯಾಕೆ ಕಟ್ಟಿದೆ ಎಂದು ಈಗ ಕೇಳಿದರೆ ಅವನಿಗೂ ಗೊತ್ತಿಲ್ಲ. ತಡವಾದರೆ ಮಗಳು ಅಲ್ಲಿ ಮಾತು ಕೇಳಬೇಕಾಗುತ್ತಿತ್ತು, ಆ ಹೆದರಿಕೆ ಇನ್ನೂ ಮೈಯಿಂದ ಹೋಗಿರಲಿಲ್ಲ.

ಮೇ ತಿಂಗಳಲ್ಲಿ ಮಾಗಡಿ ಬಸ್ಸಿನಲ್ಲಿ ಅಳಿಯನ ಊರಿನ ಮಾಯಮ್ಮ ಸಿಕ್ಕಳು. ಭಾನುಪ್ರಿಯಳ ಎದುರು ಮನೆಯ ಮುದುಕಿ. ನೋವು ಬಂದ ದಿನ ಮಗಳ ಬೆನ್ನು ನೀವುತ್ತಾ ಪಕ್ಕದಲ್ಲಿದ್ದವಳು ಈ ಮಾಯಮ್ಮನೇ.

"ಕಾರು ಬಾಗ್ಲಲ್ಲೇ ನಿಂತಿತ್ತಂತೆ ಸಾ," ಎಂದ ಮುನಿಶಾಮಯ್ಯ. "ರಕ್ತ ಹೋಯ್ತಿತ್ತಂತೆ. ಸೀಟು ಹಾಳಾಯ್ತದೆ, ಆಂಬುಲೆನ್ಸ್‌ಗೆ ಫೋನ್ ಮಾಡಿವ್ನಿ, ಬತ್ತದೆ ಇರು ಅಂದ್ನಂತೆ. ಆಂಬುಲೆನ್ಸ್ ಬೇರೆ ಊರಿಂದ ಬರ್ಬೇಕಿತ್ತು. ಗಂಟೆ ಮೇಲೆ ಹತ್ತು ನಿಮಿಷ ಕಾದ್ರಂತೆ, ಕಾರಿನ ಪಕ್ಕದಲ್ಲೇ ಚಾಪೆ ಹಾಕ್ಕಂಡು."

ಇಸ್ರಾರ್ ಅಂಗಳದ ಕಡೆ ಮುಖ ತಿರುಗಿಸಿಕೊಂಡ.

"ಅದಕ್ಕೆ ಓಡ್ಸದು ಕಲ್ತೆ. ಅವ್ನ ಮನೆ ಬಾಗ್ಲಿಂದ ಆಸ್ಪತ್ರೆ ಬಾಗ್ಲಿಗೆ ಎಷ್ಟೊತ್ತು ಆಯ್ತದೆ ಅಂತ ನೋಡ್ಬೇಕಿತ್ತು. ದಾರೀಲಿ ನಾಕು ಸತಿ ಆಫ್ ಆಯ್ತು. ಆದ್ರೂ ಮೂವತ್ತೈದು ನಿಮಿಷ ಸಾ. ಓಡ್ಸಕ್ಕೇ ಬರ್ದಿರೋ ನಂಗೆ ಮೂವತ್ತೈದು ನಿಮಿಷ."

ಹಳ್ಳಿಗೆ ಹೋಗಿ ರಾಮನಗರಕ್ಕೆ ತಿರುಗಿದ ಕಾರಿನ ದಾರಿ ಇನ್ಸ್‌ಪೆಕ್ಟರಿಗೆ ಆಗ ಅರ್ಥವಾಯಿತು. ಅಳಿಯ ಭಾನುವಾರ ಹೆಣ್ಣು ನೋಡಲು ದೇವಸ್ಥಾನಕ್ಕೆ ಹೋಗುವ ಸುದ್ದಿ ಮುನಿಶಾಮಯ್ಯನಿಗೆ ಮಾಯಮ್ಮನಿಂದಲೇ ತಿಳಿದಿತ್ತು. ಆಸ್ಪತ್ರೆಯ ಗೇಟಿನ ಮುಂದೆ ಒಂದಷ್ಟು ಹೊತ್ತು ನಿಂತಿದ್ದನಂತೆ. ಡೀಸೆಲ್ ಮುಗಿಯುತ್ತಾ ಬಂದಿತ್ತು. ಹಾಕಿಸಿಕೊಂಡು, ವಾಪಸು ಬಿಡುವ ಮನಸ್ಸಾಗದೆ ಮನೆಗೆ ತಂದಿದ್ದ.

ಠಾಣೆಗೆ ಬರುವ ದಾರಿಯಲ್ಲಿ ರಾಮಲಿಂಗಯ್ಯನಿಗೆ ತನ್ನ ಮನೆಯದೇ ನೆನಪಾಗುತ್ತಿತ್ತು. ಅವನ ದೊಡ್ಡ ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು. ಹುಡುಗನ ಕಡೆಯವರು ಏನೂ ಕೇಳಿರಲಿಲ್ಲ. ಹುಡುಗನಿಗೆ ಯಾವ ಗಾಡಿ ಇಷ್ಟ ಎಂಬುದನ್ನಷ್ಟೇ ಮಾತಿನ ನಡುವೆ ಎರಡು ಸಲ ಹೇಳಿದ್ದರು. ರಾಮಲಿಂಗಯ್ಯನ ಹೆಂಡತಿ ಬಣ್ಣವನ್ನೂ ಆರಿಸಿಟ್ಟಿದ್ದಳು. ನಾವಾಗಿಯೇ ಖುಷಿಯಿಂದ ಕೊಡುವುದು ಎಂದು ಅವನೂ ನಾಲ್ಕು ಜನರ ಮುಂದೆ ಹೇಳಿದ್ದ.

ಸಂಜೆಯವರೆಗೆ ಅವನು ಬಾಲರಾಜುವಿನ ಮೇಲೆ ಏನಾದರೂ ಕೇಸು ಆಗುತ್ತದೆಯೇ ಎಂದು ನೋಡಿದ. ಮಾಯಮ್ಮನ ಹೇಳಿಕೆಗೆ ಇಸ್ರಾರ್‌ನನ್ನು ಕಳಿಸಿದ. ಬಸ್ಸಿನಲ್ಲಿ ಎಲ್ಲ ಹೇಳಿದ್ದ ಮುದುಕಿ ಪೊಲೀಸರ ಮುಂದೆ ಏನೂ ನೆನಪಿಲ್ಲ ಎಂದಳು, ಎದುರು ಮನೆಯವರ ಜೊತೆ ಬಾಳಬೇಕಲ್ಲ ಸ್ವಾಮಿ ಎಂದಳು. ಸರ್ಕಾರಿ ವಕೀಲರಿಗೆ ಫೋನು ಮಾಡಿದರೆ, ಆಂಬುಲೆನ್ಸ್ ಕರೆದವನ ಮೇಲೆ ಏನೆಂದು ಕೇಸು ಹಾಕುತ್ತೀರಿ ಎಂದರು. ವರದಕ್ಷಿಣೆಯ ದೂರು ಕೊಡುತ್ತೀರಾ ಎಂದು ರಾಮಲಿಂಗಯ್ಯ ಮುನಿಶಾಮಯ್ಯನನ್ನು ಕೇಳಿದ. ಅವನು ತಲೆಯಾಡಿಸಿದ. ಅಳಿಯ ಬಾಯಿ ಬಿಟ್ಟು ಕಾರು ಕೇಳಿರಲಿಲ್ಲ, ಸುಳ್ಳು ಯಾಕೆ ಹೇಳಲಿ ಎಂದ. ಮದುವೆಯ ವಿಡಿಯೋದಲ್ಲಿ ಕೀ ಕೊಡುತ್ತಾ ನಗುತ್ತಿರುವವನು ತಾನೇ ಎಂದ.

ಆರು ಗಂಟೆ ನಲವತ್ತು ನಿಮಿಷಕ್ಕೆ ಬಂಧನದ ಮೆಮೊ ತಯಾರಾಯಿತು. ವಿಷಯ ತಿಳಿಸಲು ಸಂಬಂಧಿಕರು ಯಾರು ಎಂಬ ಕಡೆ ತಿಮ್ಮಯ್ಯನ ಹೆಸರು ಬರೆದುಕೊಂಡರು, ಪಕ್ಕದ ಮನೆಯವರು ಎಂದು. ಅಷ್ಟರಲ್ಲಿ ಬಾಲರಾಜು ಬಂದ. ಅಂಗಳದಲ್ಲಿದ್ದ ಕಾರಿನ ಸುತ್ತ ಮೊಬೈಲಿನ ಬೆಳಕು ಹಿಡಿದು ಎರಡು ಸುತ್ತು ನೋಡಿದ. ಒಳಗೆ ಬಂದು ಬೆಂಚಿನ ಮೇಲಿದ್ದ ಮಾವನ ಮುಂದೆಯೇ ನಿಂತು ಹೇಳಿದ:

"ಸಾರ್, ಹಿಂದ್ಗಡೆ ಸೀಟಿನ ಕವರ್ ಕುಯ್ದವ್ರೆ. ಅದನ್ನೂ ಕಂಪ್ಲೇಂಟಲ್ಲಿ ಸೇರಿಸ್ಬೇಕು."

"ಪಂಚನಾಮೆಯಲ್ಲಿ ಬಂದೈತೆ," ಎಂದ ರಾಮಲಿಂಗಯ್ಯ. "ಗಾಡಿ ಕೋರ್ಟಲ್ಲಿ ಬಿಡಿಸ್ಕೊಳ್ಳಿ. ಈಗ ಹೊರಡಿ."

ಅವನು ಹೋದ ಮೇಲೆ ಮುನಿಶಾಮಯ್ಯ ಕೇಳಿದ:

"ಕೋರ್ಟಿನೋರು ಕಾರನ್ನ ಅವ್ನಿಗೇ ಕೊಡ್ತಾರಾ ಸಾ?"

"ಆರ್‌ಸಿ ಅವನ ಹೆಸರಲ್ಲೈತೆ."

"ನಾನು ಕೆರೆಗೆ ನೂಕ್ಬುಟ್ಟಿದ್ರೆ?"

"ಇನ್ಶೂರೆನ್ಸ್ ದುಡ್ಡು ಬರ್ತಿತ್ತು. ಅವನಿಗೇ."

ಆಚೆ ಬಾಲರಾಜು ಯಾರಿಗೋ ಫೋನಿನಲ್ಲಿ, ಗಾಡಿ ಸಿಕ್ಕಿತು, ಭಾನುವಾರ ಮತ್ತೆ ಕೂತು ಮಾತಾಡೋಣ ಎನ್ನುತ್ತಿದ್ದದ್ದು ಕಿಟಕಿಯಿಂದ ಕೇಳಿಸುತ್ತಿತ್ತು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಿತ್ತು. ಮಗಳ ಸಾವಿನಿಂದ ಅಳಿಯನ ಮೇಲೆ ಹುಟ್ಟಿದ ದ್ವೇಷ ಎಂದು ರಾಮಲಿಂಗಯ್ಯ ಬರೆದ. ಹೇಳಿಕೆಯಲ್ಲೂ ಅದೇ ಸಾಲು ಸೇರಿಸಿ ಓದಿ ಹೇಳಿದ. ಮುನಿಶಾಮಯ್ಯ ಪೆನ್ನು ಹಿಡಿದವನು ಸಹಿ ಹಾಕದೆ ನಿಂತ.

"ದ್ವೇಷ ಅಂತ ಬ್ಯಾಡ ಸಾ."

"ಮತ್ತೆ ಏನಂತ ಬರೀಲಿ?"

"ಅವ್ಳು ಕಾರು ಬ್ಯಾಡ ಅಂದಿದ್ಲು. ಆ ದುಡ್ಡಲ್ಲಿ ಬಿ.ಎಡ್. ಓದಿಸಪ್ಪ, ಕೆಲ್ಸಕ್ಕೆ ಹೋಗ್ತೀನಿ ಅಂತ ಎರಡು ದಿನ ಅತ್ಲು. ಮೂವತ್ತು ವರ್ಷ ಬಸ್ಸಲ್ಲಿ ನಿಂತ್ಕಂಡು ಬಂದೋನು ನಾನು. ನನ್ನ ಮಗ್ಳು ಗಂಡನ ಮನೆಗೆ ಕಾರಲ್ಲಿ ಕೂತ್ಕಂಡು ಹೋಗ್ಬೇಕು ಅಂದೆ."

ರಾಮಲಿಂಗಯ್ಯ ಹೇಳಿಕೆಯ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ದ್ವೇಷ ಎಂಬ ಮಾತನ್ನು ಗೀಟು ಎಳೆದು ತೆಗೆದು, ಪಕ್ಕದಲ್ಲಿ ತನ್ನ ಚಿಕ್ಕ ಸಹಿ ಹಾಕಿದ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಅವನಿಗೆ ತೋಚಲಿಲ್ಲ. ಹಾಗೇ ಬಿಟ್ಟು ಹಾಳೆಯನ್ನು ಮುಂದಕ್ಕೆ ಸರಿಸಿದ. ಮುನಿಶಾಮಯ್ಯ ಸಹಿ ಹಾಕಿದ.