ಎರಡು ಮುಚ್ಚಳ, ಎರಡು ಕೀ

ಕೀಯನ್ನು ಅವನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದ. ಅವನ ಕೈಯಲ್ಲಿ ಗ್ರೀಸಿನ ವಾಸನೆಯಿತ್ತು.

"ಕುತ್ತಿಗೆಗೆ ಕಟ್ಟಿ ಅಂದೇಳಿ ಹೇಳ್ತಿಲ್ಲ ಮಾರಾಯ್ರೆ, ಪರ್ಸಿಗೆ ಹಾಕಣಿ," ಎಂದ ಚಂದ್ರ. "ಎರಡೇ ಕೀ ಇಪ್ಪುದ್. ಒಂದ್ ನಂಗೆ, ಒಂದ್ ನಿಮ್ಗೆ."

"ನಂಗೆಂತಕ್ಕೆ?"

"ನಾನ್ ಕಳ್ಕಂಡ್ರೆ ನಿಮ್ಮನೆ ಬಾಗ್ಲಿಗೆ ಬರ್ಕಲ್ದಾ. ಅದೊಂದ್ ನೆವ."

ನಾನು ನಗಲಿಲ್ಲ. ನಗು ಬಂದರೂ ಅದು ಬೇರೆ ಯಾರದೋ ಅನ್ನಿಸುತ್ತಿದ್ದ ಕಾಲ ಅದು. ಆದರೆ ಕೀಯನ್ನು ಹಿಂದಕ್ಕೆ ಕೊಡಲೂ ಇಲ್ಲ.

2009ರ ಜನವರಿ. ತೆಕ್ಕಟ್ಟೆಯಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಚಂದ್ರ ಮೂರು ವರ್ಷದಿಂದ ಪುಟ್ಟ ವಿಮಾನ ಕಟ್ಟುತ್ತಿದ್ದ. ಮುಂಬೈಯ ವರ್ಕ್‌ಶಾಪುಗಳಲ್ಲಿ ಹನ್ನೆರಡು ವರ್ಷ ದುಡಿದು ಬಂದವನು. ಅಲ್ಯೂಮಿನಿಯಂ ಕೊಳವೆಗಳು, ಬಟ್ಟೆ ಹೊದೆಸಿದ ರೆಕ್ಕೆಗಳು, ಒಂದೇ ಸೀಟು. ಎರಡೂ ರೆಕ್ಕೆಗಳಲ್ಲಿ ಒಂದೊಂದು ಪೆಟ್ರೋಲ್ ಟ್ಯಾಂಕ್.

ಕಳೆದ ಮಳೆಗಾಲದಲ್ಲಿ, ನಾನು ಫಿಸಿಕ್ಸ್ ಕಲಿಸುವ ಬೈಂದೂರಿನ ಕಾಲೇಜಿಗೆ ಬಂದು, ಒದ್ದೆ ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ವಿಮಾನದ ಭಾರದ ಲೆಕ್ಕ ಸರಿಯಿದೆಯೇ ನೋಡಬೇಕಿತ್ತು. ಲೆಕ್ಕ ತಪ್ಪಿತ್ತು. ತಿದ್ದಿದೆ.

"ತಕಣಿ ಚಂದ್ರಣ್ಣ."

"ಅಣ್ಣ ಬ್ಯಾಡ ಟೀಚ್ರೆ. ಮನೆಯಗೆ ತಂಗಿಯರ್ ಮೂರ್ ಜನ ಇದ್ರ್, ಸಾಕ್."

ಆಮೇಲೆ ಪ್ರತಿ ಶನಿವಾರ ಅವನ ಲೆಕ್ಕ ತಪ್ಪತೊಡಗಿತು. ಮಧ್ಯಾಹ್ನದ ಬಸ್ಸಿಗೆ ತೆಕ್ಕಟ್ಟೆಯಲ್ಲಿಳಿದು ತಿದ್ದುವುದು ನನಗೂ ರೂಢಿಯಾಯಿತು. ತಿದ್ದುವಾಗ ಅವನು ಕಾಗದ ನೋಡುತ್ತಿರಲಿಲ್ಲ.

ಬೀಗ ಬೇಕಾದದ್ದು ಡಿಸೆಂಬರಿನಲ್ಲಿ. ಎರಡು ಸಲ ಬೆಳಿಗ್ಗೆ ಬಂದಾಗ ಟ್ಯಾಂಕಿನ ಮುಚ್ಚಳ ತೆರೆದಿತ್ತು, ಪೆಟ್ರೋಲ್ ಇಳಿದಿತ್ತು. ಮೂರನೆಯ ಸಲ ಮುಚ್ಚಳ ಭದ್ರವಾಗಿಯೇ ಇತ್ತು. ಒಳಗೆ ಒಂದು ಮುಷ್ಟಿ ಮರಳು. ಪೆಟ್ರೋಲ್ ಕದ್ದವನನ್ನು ಅರ್ಥಮಾಡಿಕೊಳ್ಳಬಹುದು. ಮರಳು ಹಾಕಿ, ಮುಚ್ಚಳ ತಿರುಗಿಸಿ ಹೋದವನು ಯಾರೆಂದು ನಮಗೆ ಕೊನೆಗೂ ತಿಳಿಯಲಿಲ್ಲ.

ಚಂದ್ರ ಟ್ಯಾಂಕುಗಳನ್ನು ತೊಳೆದ. ಬ್ರಹ್ಮಾವರದ ಗುಜರಿ ಅಂಗಡಿಯಿಂದ ಹಳೆಯ ಕಾರುಗಳ ಲಾಕ್ ಇರುವ ಎರಡು ಮುಚ್ಚಳ ತಂದು, ಎರಡಕ್ಕೂ ಒಂದೇ ಕೀ ಹೊಂದುವಂತೆ ಮಾಡಿ, ರಬ್ಬರ್ ವಾಷರ್ ಕೊಟ್ಟು ಬಿಗಿದ.

"ಕಾಣಿ. ಇನ್ನ್ ಒಂದ್ ಇರುವೆಯೂ ಒಳ್ಗ್ ಹೋಪುಕಿಲ್ಲ."

ನಾನು ತಲೆಯಾಡಿಸಿದೆ. ಆಗ ನನಗೆ ಏನೂ ಹೊಳೆಯಲಿಲ್ಲ.

ಗಂಗೊಳ್ಳಿಯ ಮನೆಯಲ್ಲಿ ಅತ್ತೆ ಅಕ್ಕು ನನ್ನ ಪರ್ಸಿನಲ್ಲಿ ಹೊಸ ಕೀ ನೋಡಿದರು. ಯಾವುದರದ್ದೆಂದು ಕೇಳಲಿಲ್ಲ. ಊರಿನವರು ಹೇಳಿರಬೇಕು. ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತ ಹೇಳಿದರು:

"ಸಮುದ್ರ ಸಾಲ್ಲಿಲ್ಯಾ ಹೆಣ್ಣೆ? ಈಗ ಆಕಾಶವಾ?"

ಅವರ ಮಗ, ನನ್ನ ಗಂಡ ರಾಜೀವ, ಎರಡೂವರೆ ವರ್ಷದ ಹಿಂದೆ ಆಗಸ್ಟಿನಲ್ಲಿ ಹೋದ. ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ದಡ ಬಿಟ್ಟು ಐದು ನಿಮಿಷಕ್ಕೆ ಎಂಜಿನ್ ನಿಂತಿತ್ತಂತೆ. ಅಲೆ ತಕ್ಕೊಂಡು ಹೋಯಿತು ಎಂದರು ಎಲ್ಲರೂ.

ಭಾನುವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ವಿಮಾನ ಕುಂದಾಪುರದ ಕೋಡಿ ಕಡಲತೀರಕ್ಕೆ ಬಂತು. ಒದ್ದೆ ಮರಳು ರಸ್ತೆಯಷ್ಟು ಗಟ್ಟಿಯಿತ್ತು. ಆಚೆ ದಡ ಗಂಗೊಳ್ಳಿ. ನಡುವೆ ಅದೇ ಅಳಿವೆ, ಗಾಳಿಯಿಲ್ಲದೆಯೂ ಬಿಳಿ ನೊರೆ ಕಾರುತ್ತಿತ್ತು.

ವಿಮಾನವನ್ನು ಟೆಂಪೊದಲ್ಲಿ ತಂದ ಡ್ರೈವರ್ ಕರಿಯ, ರೆಕ್ಕೆ ಜೋಡಿಸಲು ಕೈಕೊಟ್ಟು ಹೇಳಿದ, "ಮೇಲೆ ಹೋತ್ತ್ ಅಂದೇಳಿ ಎಲ್ರೂ ಹೇಳ್ತ್ರ್. ಕೆಳ್ಗ್ ಬತ್ತ್ ಅಂದೇಳಿ ಒಬ್ರೂ ಹೇಳುದಿಲ್ಲ."

"ನಿನ್ ಬಾಯಿಗೂ ಒಂದ್ ಲಾಕ್ ತರ್ಕಿತ್ತ್," ಎಂದ ಚಂದ್ರ. ನನ್ನತ್ತ ನೋಡಿ ಹುಬ್ಬು ಹಾರಿಸಿದ.

"ಹೊಸ ಮುಚ್ಳ ಹಾಕಿದ್ ಮೇಲೆ ಎಂಜಿನ್ ಎಷ್ಟ್ ಹೊತ್ ಓಡ್ಸಿದ್ರಿ?" ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ.

"ನಾಲ್ಕ್ ನಿಮಿಷ. ಚೆಂದ ಓಡ್ತ್."

ನಾಲ್ಕು.

ಪರ್ಸಿನಿಂದ ಕೀ ತೆಗೆದೆ. ಎಡ ರೆಕ್ಕೆಯ ಮುಚ್ಚಳ ಬಿಚ್ಚಿ, ಸೆರಗಿನಲ್ಲಿ ಒರೆಸಿ, ಬಾಯಿಗಿಟ್ಟು ಊದಿದೆ. ಕೆನ್ನೆ ಉಬ್ಬಿತು. ಉಸಿರು ನನ್ನ ಬಾಯಲ್ಲೇ ಉಳಿಯಿತು.

"ಎಂತ ಟೀಚ್ರೆ, ಮುಚ್ಳಕ್ಕೆ ಮುತ್ತಾ? ನಾನ್ ಇಲ್ಲೇ ಇದ್ದೆ ಅಲ್ದಾ."

"ಇದ್ರಗೆ ತೂತಿಲ್ಲ."

"ತೂತಿಲ್ದೆ ಇರ್ಲಿ ಅಂದೇಳಿಯೇ ತಂದದ್ದ್."

"ಪೆಟ್ರೋಲ್ ಇಳ್ದಷ್ಟೂ ಗಾಳಿ ಒಳ್ಗ್ ಹೋಯ್ಕ್, ಇಲ್ದಿದ್ರೆ ಪೆಟ್ರೋಲ್ ಎಂಜಿನ್ನಿಗೆ ಹೋಪುದಿಲ್ಲ. ಕಾರಿಗಾರೆ ಅದ್ಕೆ ಬೇರೆ ಪೈಪ್ ಇರತ್ತ್. ನಿಮ್ ಹಳೇ ಮುಚ್ಳಕ್ಕೆ ತೂತಿತ್ತ್. ಇದ್ರಗೆ ಐದ್ ನಿಮಿಷ. ಆಮೇಲೆ ಎಂಜಿನ್ ನಿಂತ್ ಹೋತ್ತ್."

ಅವನ ಮುಖದಿಂದ ನಗು ಇಳಿಯಿತು. "ಐದೇ ಅಂದೇಳಿ ಹ್ಯಾಂಗ್ ಹೇಳ್ತ್ರಿ?"

ಯಾರಿಗೂ ಹೇಳದ್ದನ್ನು ಮರಳು ನೋಡುತ್ತ ಹೇಳಿದೆ.

ಮಳೆಗಾಲದಲ್ಲಿ ದೋಣಿಯ ಎಂಜಿನ್ನಿನ ಟ್ಯಾಂಕನ್ನು ನಾವು ಮನೆಯೊಳಗೆ ಇಡುತ್ತಿದ್ದೆವು. ಅದರ ಮುಚ್ಚಳದ ಮೇಲೆ ಗಾಳಿಗೆಂದು ಒಂದು ಸಣ್ಣ ತಿರುಪು. ಎಣ್ಣೆಯ ವಾಸನೆಗೆ ನನಗೆ ತಲೆನೋವು. ಆ ಸಂಜೆ ತಿರುಪನ್ನು ಬಿಗಿಯಾಗಿ ಮುಚ್ಚಿದೆ. ರಾಜೀವನಿಗೆ ಹೇಳಲು ಮರೆತು ಮಲಗಿದೆ. ನಸುಕಿಗೆ ಬಂಗುಡೆ ಮೀನು ಬಂದಿದೆ ಎಂದು ಯಾರೋ ಕೂಗಿದರು. ಅವನು ಟ್ಯಾಂಕ್ ಎತ್ತಿಕೊಂಡು ಓಡಿದ. ಎಂಜಿನ್ ನಿಂತ ಕೂಡಲೇ ಅವನಿಗೆ ಕಾರಣ ಗೊತ್ತಾಗಿರುತ್ತದೆ. ಅಳಿವೆಯಲ್ಲಿ ಎರಡು ಅಲೆಗಳ ನಡುವೆ ತಿರುಪು ಸಡಿಲಿಸುವಷ್ಟು ಸಮಯವಿರುವುದಿಲ್ಲ.

ಮೂರನೆಯ ದಿನ ಟ್ಯಾಂಕ್ ದಡಕ್ಕೆ ಬಂತು. ಅದರ ಪಕ್ಕೆಗಳು ಒಳಕ್ಕೆ ಸೆಳೆದುಕೊಂಡಿದ್ದವು. ತಿರುಪು ನಾನು ಬಿಗಿದಷ್ಟೇ ಬಿಗಿ. ಸಡಿಲಿಸಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಗಾಳಿಯ ಒತ್ತಡದ ಆ ಪಾಠವನ್ನು ಈಗಲೂ ಪ್ರತಿ ವರ್ಷ ಕಾಲೇಜಿನಲ್ಲಿ ಕಲಿಸುತ್ತೇನೆ.

ನಿಮ್ಮ ತಪ್ಪಲ್ಲ ಎಂದು ಚಂದ್ರ ಹೇಳಲಿಲ್ಲ. ಅಳಿವೆಯತ್ತ ತಿರುಗಿದ.

"ನಿಮ್ಮತ್ತೆಗೆ ಗೊತ್ತಿತ್ತಾ?"

"ಇಲ್ಲ."

ಟೆಂಪೊದಿಂದ ಕೈಡ್ರಿಲ್ ತಂದು ನನ್ನ ಮುಂದೆ ಹಿಡಿದ. "ತೂತ್ ನೀವೇ ಮಾಡಿ."

"ಓರೆ ಆತ್ತ್."

"ಆಗ್ಲಿ. ಮುಚ್ಳ ನಾನ್ ಹಿಡ್ಕಂತೆ."

ಎರಡೂ ಮುಚ್ಚಳಗಳಿಗೆ ತೂತು ಕೊರೆದೆ. ಪುಡಿ ಒರೆಸಿ ಊದಿದೆ. ಅವನು ಇನ್ನೊಂದು ಬದಿಗೆ ಕೆನ್ನೆಯೊಡ್ಡಿ ಕಣ್ಣು ಮುಚ್ಚಿದ.

"ಬಂತ್," ಎಂದ. ಆಮೇಲೆ ಮೆಲ್ಲಗೆ, "ಇನ್ನೊಂದ್ ಸಲ."

ಇನ್ನೊಂದು ಸಲದ ಅಗತ್ಯವಿರಲಿಲ್ಲ. ಊದಿದೆ.

ಅವನು ಏರಿದ. ವಿಮಾನ ತೀರದ ಗಾಳಿಮರಗಳನ್ನು ದಾಟಿ, ನೀರಿನ ಮೇಲೆ ಬಾಗಿ, ನೇರ ಅಳಿವೆಯತ್ತ ಹೋಯಿತು. ಅತ್ತ ಹೋಗಬೇಡಿ ಎಂದು ಹೇಳಿರಲಿಲ್ಲ. ವಾಚ್ ನೋಡಿದೆ. ಮೂರು. ನಾಲ್ಕು. ಐದನೆಯ ನಿಮಿಷಕ್ಕೆ ಎಂಜಿನ್ನಿನ ಸದ್ದು ಅಲೆಯ ಸದ್ದಿನೊಳಗೆ ಹೋಗಿ ಹೊರಗೆ ಬರಲಿಲ್ಲ.

"ನಿಂತ್ತಾ?" ಎಂದ ಕರಿಯ.

ಕೀಯ ಹಲ್ಲು ನನ್ನ ಅಂಗೈಗೆ ನಾಟಿತ್ತು.

ಆರನೆಯ ನಿಮಿಷದಲ್ಲಿ ಸದ್ದು ಮರಳಿತು. ಹನ್ನೊಂದಕ್ಕೆ ಚಕ್ರಗಳು ಮರಳು ಮುಟ್ಟಿದವು.

ಅವನು ಇಳಿಯುವ ಮೊದಲೇ ನಾನು ರೆಕ್ಕೆಯ ಬಳಿ ನಿಂತಿದ್ದೆ. ಕೀ ತಿರುಗಿಸಿ, ಕಿವಿ ಹತ್ತಿರ ತಂದು, ಒಂದು ಮುಚ್ಚಳ ಎತ್ತಿದೆ. ಆಮೇಲೆ ಇನ್ನೊಂದು.

"ಸದ್ದ್ ಬಂತಾ?"

"ಇಲ್ಲ, ಚಂದ್ರ."

ಅಣ್ಣ ಇಲ್ಲದ ಹೆಸರನ್ನು ಅವನು ಕೇಳಿಸಿಕೊಂಡ. ಹೆಲ್ಮೆಟ್ ಕೈಯಲ್ಲೇ ಉಳಿಯಿತು.

"ನಾಳೆ ನಿಮ್ಮನೆಗೆ ಬತ್ತೆ ಶ್ರೀಲತಾ. ನಿಮ್ಮತ್ತೆ ಹತ್ರ ನಿಮ್ಮನ್ನ್ ಕೇಣ್ಕ್."

"ಮೊದ್ಲ್ ನಾನ್ ಹೇಳ್ಕ್. ಟ್ಯಾಂಕಿನ ವಿಷ್ಯ. ಇವತ್ತೇ."

"ಅದ್ ಕೇಂಡ್ ಮೇಲೆ ಅವ್ರ್ ನಿಮ್ಮನ್ನ್ ಮನೆಯೊಳ್ಗೆ ಸೇರ್ಸದಿದ್ರೆ?"

ಅವನು ಕಿಸೆಯಿಂದ ಶೆಡ್ಡಿನ ಕೀ ತೆಗೆದು, ಮೊದಲಿನಂತೆಯೇ, ನನ್ನ ಬೆರಳು ಮಡಚಿದ.

"ಇದ್ಕೂ ಎರಡಿತ್ತ್," ಎಂದ.

ಹೊಳೆ ದಾಟಲು ದೋಣಿ ಹತ್ತಿದೆ. ಗಂಗೊಳ್ಳಿಯ ದಡ ಹತ್ತಿರವಾಗುತ್ತ ಬಂತು. ನಮ್ಮ ಅಂಗಳದಲ್ಲಿ ಅಕ್ಕು ಕಾಗೆ ಓಡಿಸುತ್ತ ನಿಂತಿದ್ದರು. ನನ್ನನ್ನು ಕಂಡು ಕೋಲು ಕೆಳಗಿಟ್ಟರು.